ಮೃದು ಹವಳದ ಮತ್ಸ್ಯಾಲಯ: ನೀರಿನ ಶೋಧನೆ ಮತ್ತು ಪಾಲನೆ

ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೋರವಾಲಾ ಮತ್ಸ್ಯಾಲಯವು 1951ರಲ್ಲಿ ಆರಂಭವಾಯಿತು. 2020ರಲ್ಲಿ ಸಾರ್ವಜನಿಕರಿಗೆ ಬಾಗಿಲು ಮುಚ್ಚುವವರೆಗೆ, ನಗರದ ಹಲವು ತಲೆಮಾರುಗಳ ಮಕ್ಕಳು ಸಮುದ್ರದ ಒಳಗನ್ನು ಮೊದಲ ಬಾರಿಗೆ ಕಂಡದ್ದು ಅಲ್ಲಿಯ ಗಾಜಿನ ಮೂಲಕವೇ. ಈಗ ನಗರದ ಮತ್ತು ಉಪನಗರಗಳ ಕೆಲವು ಮನೆಗಳಲ್ಲಿಯೂ ಉಪ್ಪುನೀರಿನ ತೊಟ್ಟಿಗಳಿದ್ದು, ಅವುಗಳಲ್ಲಿ ಮೀನಿನೊಂದಿಗೆ ಮೃದು ಹವಳವನ್ನು ಬೆಳೆಸುವ ಹವ್ಯಾಸವೂ ಕಂಡುಬರುತ್ತದೆ. ಸಮುದ್ರವು ಮನೆಯ ಸಮೀಪದಲ್ಲೇ ಇರುವುದರಿಂದ ಈ ಕಾರ್ಯವು ಮುಂಬಯಿಯಲ್ಲಿ ಸುಲಭವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಇಲ್ಲಿಯ ಹವೆ, ಮಳೆಗಾಲ ಮತ್ತು ನೀರಿನ ಸ್ಥಿತಿಗತಿಗಳು ಇದನ್ನು ಕಠಿಣಗೊಳಿಸುತ್ತವೆ. ಮೃದು ಹವಳಕ್ಕೆ ಬೇಕಾದುದು ಅತಿಶುದ್ಧವಾದ ನೀರಿಗಿಂತ ಹೆಚ್ಚಾಗಿ ದಿನದಿಂದ ದಿನಕ್ಕೆ ಬದಲಾಗದ ನೀರು. ಶೋಧನೆಯ ಸಾಧನಗಳನ್ನು ಆರಿಸುವಾಗಲೂ ಪಾಲನೆಯ ಕ್ರಮವನ್ನು ನಿರ್ಧರಿಸುವಾಗಲೂ ಈ ಅಂಶವನ್ನು ಗಮನದಲ್ಲಿಡಬೇಕು.

ಸಸ್ಯದಂತೆ ಕಾಣುವ ಪ್ರಾಣಿ

ಹವಳವು ನೋಡಲು ಗಿಡದಂತಿದ್ದರೂ ಪ್ರಾಣಿವರ್ಗಕ್ಕೆ ಸೇರಿದುದು. ಸಾವಿರಾರು ಕಿರುಜೀವಿಗಳು ಒಂದೇ ಒಡಲನ್ನು ಹಂಚಿಕೊಂಡು ಬಾಳುವ ಸಮೂಹವಿದು. ಈ ಕಿರುಜೀವಿಗಳನ್ನು ಪಾಲಿಪ್‌ಗಳೆಂದು ಕರೆಯುತ್ತಾರೆ. ಗಟ್ಟಿ ಹವಳಗಳು ಸುಣ್ಣದ ಕಲ್ಲಿನಂತಹ ಅಸ್ಥಿಪಂಜರವನ್ನು ಕಟ್ಟಿಕೊಂಡರೆ, ಮೃದು ಹವಳಗಳ ಒಡಲಿನಲ್ಲಿ ಸುಣ್ಣದ ಸೂಕ್ಷ್ಮ ಕಣಗಳು ಮಾತ್ರ ಚದುರಿಕೊಂಡಿರುತ್ತವೆ. ಇವುಗಳ ಪ್ರತಿ ಪಾಲಿಪ್‌ಗೂ ಗರಿಯಂತಹ ಎಂಟು ಗ್ರಹಣಾಂಗಗಳಿರುವುದೇ ಗುರುತು. ಅಣಬೆಯಂತೆ ಹರಡುವ ಸಾರ್ಕೊಫೈಟಾನ್, ಬೆರಳುಗಳಂತೆ ಕವಲೊಡೆಯುವ ಸೈನುಲೇರಿಯ, ಮುಷ್ಟಿಯಂತೆ ತೆರೆದು ಮುಚ್ಚುವ ಜೀನಿಯ, ಇವು ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಬಗೆಗಳು.

ಇವುಗಳ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನ ನೆರವಿನಿಂದ ಆಹಾರವನ್ನು ತಯಾರಿಸಿ ಆಶ್ರಯದಾತನಿಗೆ ನೀಡುತ್ತವೆ. ನೀರಿನ ಉಷ್ಣತೆಯು ಬಹುದಿನ ಮಿತಿಮೀರಿದರೆ ಹವಳವು ಈ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದ ಹವಳ ದಿಬ್ಬಗಳಲ್ಲಿ 1998, 2010, 2016 ಮತ್ತು 2024ರಲ್ಲಿ ಸಂಭವಿಸಿದ್ದು ಇದೇ. ತೊಟ್ಟಿಯಲ್ಲಿ ಅದೇ ಅನಾಹುತವು ಮೇ ತಿಂಗಳ ಒಂದೇ ವಾರದಲ್ಲಿ ಆಗಿಬಿಡಬಹುದು.

ಕಾನೂನಿನ ಎಲ್ಲೆ

ತೊಟ್ಟಿ ಕಟ್ಟುವ ಮೊದಲೇ ತಿಳಿಯಬೇಕಾದ ವಿಷಯವೊಂದಿದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಕೊಳವೆ ಹವಳ, ಬೆಂಕಿ ಹವಳ ಮತ್ತು ಬೀಸಣಿಗೆಯಾಕಾರದ ಕಡಲ ಹವಳಗಳನ್ನು ಸೇರಿಸಲಾಯಿತು. ಈ ಅನುಸೂಚಿಯ ಜೀವಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3 ವರ್ಷಗಳಿಗೆ ಕಡಿಮೆಯಿಲ್ಲದ, 7 ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸವಿದೆ. ಮೃದು ಹವಳಗಳೆಲ್ಲವೂ ಆ ಪಟ್ಟಿಯಲ್ಲಿಲ್ಲ ಎಂಬುದು ನಿಜ. ಆದರೆ ಬೀಸಣಿಗೆ ಹವಳವೂ ಬಳುಕುವ ಸ್ವಭಾವದ್ದೇ ಆದ್ದರಿಂದ ಅದನ್ನು ಮೃದು ಹವಳವೆಂದು ಹೇಳಿ ಮಾರುವ ಸಂಭವವಿದೆ. ಮಾರಾಟಗಾರನ ಮಾತನ್ನು ನಂಬದೆ, ಜೀವಿಯ ಹೆಸರು ಮತ್ತು ಮೂಲವನ್ನು ತೋರಿಸುವ ದಾಖಲೆಯನ್ನು ಕೇಳಿ ಪಡೆಯತಕ್ಕದ್ದು.

ಇದಕ್ಕಿಂತಲೂ ಸಾಮಾನ್ಯವಾದ ತಪ್ಪು ಕಲ್ಲಿನದು. ವಿದೇಶಿ ಕೈಪಿಡಿಗಳು ತೊಟ್ಟಿಯ ಶೋಧನೆಗೆ 'ಜೀವಂತ ಕಲ್ಲು' ಬಳಸುವಂತೆ ಹೇಳುತ್ತವೆ. ಅದು ಬಹುಮಟ್ಟಿಗೆ ಸತ್ತ ಗಟ್ಟಿ ಹವಳದ ಅಸ್ಥಿಪಂಜರವೇ ಆಗಿರುತ್ತದೆ. ಇಲ್ಲಿಯ ದಿಬ್ಬಗಳಿಂದ ಅದನ್ನು ಕಿತ್ತು ತರುವಂತಿಲ್ಲ, ಕೊಳ್ಳುವಂತಿಲ್ಲ. ಮುಂಬಯಿ ತೀರದಲ್ಲಿ ಹವಳವೇ ಇಲ್ಲವೆಂಬ ನಂಬಿಕೆಯೂ ಸರಿಯಲ್ಲ. ಕರಾವಳಿ ರಸ್ತೆಯ ನಿರ್ಮಾಣದ ವೇಳೆ ವರ್ಲಿ ಮತ್ತು ಹಾಜಿ ಅಲಿ ಬಳಿಯ ಬಂಡೆಗಳ ಮೇಲೆ ಕಂಡುಬಂದ 18 ಹವಳ ಸಮೂಹಗಳನ್ನು 2020ರಲ್ಲಿ ಅನುಮತಿ ಪಡೆದು, ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ತಜ್ಞರ ನೆರವಿನಿಂದ ಸ್ಥಳಾಂತರಿಸಬೇಕಾಯಿತು. ಅಂಗೈಯಗಲದ ಜೀವಿಗಳಿಗೂ ಅಷ್ಟೊಂದು ವಿಧಿವಿಧಾನಗಳನ್ನು ಪಾಲಿಸಲಾಯಿತು ಎಂಬುದನ್ನು ಗಮನಿಸಬಹುದು.

ಕಣ್ಣಿಗೆ ಕಾಣದ ಶೋಧಕ

ಆದ್ದರಿಂದ ಸರಂಧ್ರವಾದ ಸಿರಾಮಿಕ್ ಅಥವಾ ಸಿಮೆಂಟಿನ ಕೃತಕ ಕಲ್ಲನ್ನೇ ಬಳಸಬೇಕು. ಕಲ್ಲು ಸ್ವತಃ ನೀರನ್ನು ಶೋಧಿಸುವುದಿಲ್ಲ. ಅದರ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಆ ಕೆಲಸವನ್ನು ಮಾಡುತ್ತವೆ. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ಅಮೋನಿಯ ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯವು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯದು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತದೆ. ಹೊಸ ಒಣ ಕಲ್ಲಿನ ಮೇಲೆ ಈ ಬ್ಯಾಕ್ಟೀರಿಯಗಳು ಬೇರೂರಲು ಸಾಮಾನ್ಯವಾಗಿ 4ರಿಂದ 8 ವಾರಗಳು ಬೇಕು. ಆ ಅವಧಿಯಲ್ಲಿ ತೊಟ್ಟಿಯಲ್ಲಿ ಯಾವ ಪ್ರಾಣಿಯನ್ನೂ ಬಿಡದೆ, ಒಂದು ಸಿಗಡಿಯ ತುಂಡನ್ನು ಹಾಕಿ ಕೊಳೆಯಲು ಬಿಟ್ಟರೆ ಬ್ಯಾಕ್ಟೀರಿಯಗಳಿಗೆ ಆಹಾರ ದೊರೆಯುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆಗೆ ಇಳಿದ ಮೇಲೆಯೇ ಹವಳವನ್ನು ತರಬೇಕು. ಖಾಲಿ ತೊಟ್ಟಿಯನ್ನು ಎರಡು ತಿಂಗಳು ನೋಡುತ್ತ ಕೂರುವ ತಾಳ್ಮೆ ಮನೆಮಂದಿಗೆ ಇರುವುದಿಲ್ಲ. ಹೊಸ ತೊಟ್ಟಿಗಳಲ್ಲಿ ಆಗುವ ಸಾವುಗಳಲ್ಲಿ ಬಹುಪಾಲಿಗೆ ಕಾರಣ ಇಲ್ಲಿದೆ.

ಇದರ ಜೊತೆಗೆ ಮೂರು ಸಾಧನಗಳು ಸಾಕು. ತೇಲುವ ಕಸವನ್ನು ಹಿಡಿಯುವ ಬಟ್ಟೆಯ ಚೀಲ ಮೊದಲನೆಯದು. ಇದನ್ನು 3-4 ದಿನಕ್ಕೊಮ್ಮೆ ತೊಳೆಯದಿದ್ದರೆ ಹಿಡಿದಿಟ್ಟ ಕಸವೇ ಅದರಲ್ಲಿ ಕೊಳೆತು ನೈಟ್ರೇಟನ್ನು ಹೆಚ್ಚಿಸುತ್ತದೆ. ಎರಡನೆಯದು ಪ್ರೋಟೀನ್ ಸ್ಕಿಮ್ಮರ್. ಉಪ್ಪುನೀರಿನಲ್ಲಿ ಗಾಳಿಯ ಗುಳ್ಳೆಗಳು ಅತಿ ಸಣ್ಣವಾಗಿರುತ್ತವೆ. ಸಾವಯವ ಕಲ್ಮಶವು ಅವುಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ ಬಟ್ಟಲಿನಲ್ಲಿ ಸೇರುತ್ತದೆ. ಕಲ್ಮಶವು ಅಮೋನಿಯವಾಗುವ ಮೊದಲೇ ಹೊರಹೋಗುವುದು ಇದರ ಪ್ರಯೋಜನ.

ಮೂರನೆಯದಾದ ಸಕ್ರಿಯ ಇದ್ದಿಲಿಗೆ ಮೃದು ಹವಳದ ತೊಟ್ಟಿಯಲ್ಲಿ ವಿಶೇಷ ಸ್ಥಾನವಿದೆ. ಕಲ್ಲಿನ ಕವಚವಿಲ್ಲದ ಈ ಪ್ರಾಣಿಗಳು ತಮ್ಮ ರಕ್ಷಣೆಗಾಗಿ ವಿಷಕಾರಿ ರಾಸಾಯನಿಕಗಳನ್ನು ನೀರಿಗೆ ಬಿಡುತ್ತವೆ. ವಿಶಾಲವಾದ ಸಮುದ್ರದಲ್ಲಿ ಅವು ತೆಳುವಾಗಿ ಹೋಗುತ್ತವೆ. ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹವಾಗಿ ನೆರೆಯ ಹವಳವನ್ನು ಕುಗ್ಗಿಸುತ್ತವೆ. ಇದ್ದಿಲು ಈ ವಸ್ತುಗಳನ್ನು ಹೀರಿಕೊಳ್ಳುತ್ತದೆ. ಅದರ ಶಕ್ತಿ ಕೆಲವೇ ವಾರಗಳಲ್ಲಿ ಮುಗಿಯುವುದರಿಂದ ತಿಂಗಳಿಗೊಮ್ಮೆಯಾದರೂ ಬದಲಿಸಬೇಕು.

ಇನ್ನೂ ಹೆಚ್ಚು ಶೋಧಿಸಿದರೆ ಇನ್ನೂ ಒಳ್ಳೆಯದೆಂಬ ವಾದವು ಇಲ್ಲಿ ಸಲ್ಲದು. ಲೀಟರಿಗೆ 5ರಿಂದ 15 ಮಿಲಿಗ್ರಾಂ ನೈಟ್ರೇಟ್ ಮತ್ತು ಸ್ವಲ್ಪ ಫಾಸ್ಫೇಟ್ ಇರುವ ನೀರಿನಲ್ಲಿ ಮೃದು ಹವಳಗಳು ಚೆನ್ನಾಗಿ ಬೆಳೆಯುತ್ತವೆ. ಎರಡನ್ನೂ ಸೊನ್ನೆಗೆ ಇಳಿಸಿದ ತೊಟ್ಟಿಗಳಲ್ಲಿ ಅವು ಬಣ್ಣಗೆಟ್ಟು ಸೊರಗುತ್ತವೆ.

ನೀರು ಮತ್ತು ಉಪ್ಪು

ಜುಹೂ ಅಥವಾ ವರ್ಸೋವಾ ತೀರದ ನೀರನ್ನು ಕೊಡದಲ್ಲಿ ತಂದು ತೊಟ್ಟಿ ತುಂಬಿಸುವುದು ಸರ್ವಥಾ ಕೂಡದು. ಅದರಲ್ಲಿ ನಗರದ ಕೊಳಚೆಯ ಅಂಶವೂ ಕೆಸರೂ ಇರುತ್ತವೆ. ಮಳೆಗಾಲದಲ್ಲಿ ಹೊಳೆ-ನಾಲೆಗಳ ಸಿಹಿನೀರು ಸೇರಿ ಲವಣಾಂಶ ಕುಸಿಯುತ್ತದೆ. ಮತ್ಸ್ಯಾಲಯಕ್ಕೆಂದೇ ತಯಾರಾದ ಕೃತಕ ಸಮುದ್ರ ಲವಣವನ್ನು ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿ ಬಳಸಬೇಕು. ಅಡುಗೆಯ ಉಪ್ಪು ಇದಕ್ಕೆ ಬದಲಿಯಾಗದು.

ಮಹಾನಗರಪಾಲಿಕೆಯ ನಲ್ಲಿಯ ನೀರು ಕುಡಿಯಲು ಯೋಗ್ಯವಾದರೂ ಅದರಲ್ಲಿರುವ ಕ್ಲೋರಿನ್ ಶೋಧಕ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಕೆಲವು ಉಪನಗರಗಳಲ್ಲಿ ಟ್ಯಾಂಕರ್ ಅಥವಾ ಕೊಳವೆಬಾವಿಯ ನೀರು ಬೆರೆಯುವುದೂ ಉಂಟು. ಆದುದರಿಂದ ಆರ್.ಓ. ಘಟಕದಿಂದ ಶುದ್ಧಗೊಳಿಸಿದ ನೀರೇ ಕ್ಷೇಮ. ಅಡುಗೆಮನೆಯ ಅನೇಕ ಶುದ್ಧಕಗಳು ರುಚಿಗಾಗಿ ಕೊನೆಯಲ್ಲಿ ಖನಿಜಗಳನ್ನು ಮರಳಿ ಸೇರಿಸುತ್ತವೆ. ಅಂತಹ ನೀರು ಈ ಕೆಲಸಕ್ಕೆ ಬಾರದು.

ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 200 ಲೀಟರ್ ತೊಟ್ಟಿಯಲ್ಲಿ 7 ಕಿಲೋಗ್ರಾಂ ಉಪ್ಪಿದೆಯೆನ್ನೋಣ. ದಿನಕ್ಕೆ 4 ಲೀಟರಿನಂತೆ ವಾರದಲ್ಲಿ 28 ಲೀಟರ್ ಆವಿಯಾದರೆ, ಉಳಿದ 172 ಲೀಟರಿನಲ್ಲಿ ಲವಣಾಂಶವು 35 ಗ್ರಾಂನಿಂದ 40 ಗ್ರಾಂ ದಾಟುತ್ತದೆ. ಹೀಗೆ ಕಡಿಮೆಯಾದ ನೀರನ್ನು ಪ್ರತಿದಿನ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಿಸಬೇಕು. ಇಲ್ಲಿ ಉಪ್ಪುನೀರು ಹಾಕಿದರೆ ತೊಟ್ಟಿಯು ಇನ್ನಷ್ಟು ಉಪ್ಪಾಗುತ್ತದೆ.

ವಾರಕ್ಕೊಮ್ಮೆ ನೂರಕ್ಕೆ 10ರಷ್ಟು ನೀರನ್ನು ಬದಲಿಸುವುದು ಇದಕ್ಕಿಂತ ಬೇರೆಯಾದ ಕೆಲಸ. ಅದಕ್ಕೆ ಹಿಂದಿನ ದಿನವೇ ಬಕೆಟ್ಟಿನಲ್ಲಿ ಉಪ್ಪು ಕರಗಿಸಿ, ಲವಣಾಂಶ ಮತ್ತು ಉಷ್ಣತೆಯನ್ನು ತೊಟ್ಟಿಗೆ ಸರಿಹೊಂದಿಸಿಕೊಂಡಿರಬೇಕು. ಒಂದು ಸಲ ಬದಲಿಸಿದರೆ 40 ಮಿಲಿಗ್ರಾಂ ಇದ್ದ ನೈಟ್ರೇಟ್ 36ಕ್ಕೆ ಮಾತ್ರ ಇಳಿಯುತ್ತದೆ. ಆದರೂ ಅರ್ಧ ತೊಟ್ಟಿಯನ್ನು ಒಮ್ಮೆಲೇ ಖಾಲಿಮಾಡುವುದಕ್ಕಿಂತ ಈ ನಿಧಾನವೇ ಮೇಲು.

ಸೆಕೆ, ಮಳೆ ಮತ್ತು ವಿದ್ಯುತ್ತು

ತೊಟ್ಟಿಯ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಮುಂಬಯಿಯ ಬೇಸಿಗೆಯಲ್ಲಿ ದೀಪ ಮತ್ತು ಪಂಪುಗಳ ಕಾವೂ ಸೇರಿ ಅದು 30 ದಾಟುತ್ತದೆ. ನೀರಿನ ಮೇಲ್ಮೈಗೆ ಫ್ಯಾನ್ ಹಾಯಿಸುವುದು ಅಗ್ಗದ ಉಪಾಯ: 1 ಲೀಟರ್ ನೀರು ಆವಿಯಾದರೆ 200 ಲೀಟರ್ ನೀರನ್ನು ಸುಮಾರು 3 ಡಿಗ್ರಿ ತಣಿಸುವಷ್ಟು ಶಾಖವನ್ನು ಒಯ್ಯುತ್ತದೆ. ಆದರೆ ಈ ಉಪಾಯವು ಒಣ ಹವೆಯ ಚಳಿಗಾಲದಲ್ಲಿ ಫಲಿಸುವಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಲಿಸದು. ಗಾಳಿಯೇ ತೇವದಿಂದ ತುಂಬಿರುವಾಗ ನೀರು ಆವಿಯಾಗುವುದು ಕಡಿಮೆ. ಪುಣೆ ಅಥವಾ ಬೆಂಗಳೂರಿನ ಹವ್ಯಾಸಿಗೆ ಸಾಕಾಗುವ ಫ್ಯಾನ್ ಮುಂಬಯಿಯವರಿಗೆ ಸಾಲದೆ, ಚಿಲ್ಲರ್ ಎಂಬ ಶೀತಕ ಯಂತ್ರವನ್ನು ಇಡಬೇಕಾಗುವುದು ಇದೇ ಕಾರಣಕ್ಕೆ. ಅದರ ಬೆಲೆ ಮತ್ತು ವಿದ್ಯುತ್ ವೆಚ್ಚವನ್ನು ಮೊದಲೇ ಲೆಕ್ಕ ಹಾಕದವರು ತೊಟ್ಟಿಯನ್ನು ಕೊಳ್ಳದಿರುವುದೇ ಒಳಿತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರಗಳ ಅನೇಕ ಭಾಗಗಳು ಕತ್ತಲಲ್ಲಿ ಮುಳುಗಿದವು. 2020ರ ಅಕ್ಟೋಬರ್ 12ರಂದು ವಿದ್ಯುತ್ ಜಾಲ ಕುಸಿದು ನಗರ ಸ್ತಬ್ಧವಾಯಿತು. ಇಂತಹ ಹೊತ್ತಿನಲ್ಲಿ ಪ್ರಾಣಿಗಳು ಮೊದಲು ಸಾಯುವುದು ಆಮ್ಲಜನಕದ ಕೊರತೆಯಿಂದ. ದೀಪವಿಲ್ಲದೆ ಮೃದು ಹವಳವು ಒಂದೆರಡು ದಿನ ತಡೆದೀತು. ನೀರು ಅಲುಗಾಡದೆ ಹೋದರೆ ಕೆಲವು ಗಂಟೆಗಳಲ್ಲಿ ಅಪಾಯವಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಮನೆಯಲ್ಲಿಟ್ಟುಕೊಂಡು, ಕರೆಂಟು ಹೋದಾಗ ಮೀನಿಗೆ ಆಹಾರ ಹಾಕುವುದನ್ನು ನಿಲ್ಲಿಸಬೇಕು. ಮುಚ್ಚಿದ ಡಬ್ಬಿಯ ಶೋಧಕವಿದ್ದರೆ, ಹಲವು ಗಂಟೆ ನಿಂತ ಮೇಲೆ ಅದರೊಳಗೆ ಬ್ಯಾಕ್ಟೀರಿಯ ಸತ್ತು ಕೊಳೆತಿರುತ್ತದೆ. ಕರೆಂಟು ಬಂದೊಡನೆ ಅದನ್ನು ಚಾಲೂ ಮಾಡದೆ, ಬಿಚ್ಚಿ ತೊಟ್ಟಿಯ ನೀರಿನಲ್ಲಿ ತೊಳೆದ ನಂತರವೇ ಜೋಡಿಸಬೇಕು.

ಕೈಗಳ ಜಾಗ್ರತೆ

ಸಾರ್ಕೊಫೈಟಾನ್ ಆಗಾಗ ಮುದುಡಿಕೊಂಡು, ಮೇಣದಂತಹ ಪೊರೆಯನ್ನು ಕಳಚುತ್ತದೆ. ಇದು ರೋಗವಲ್ಲ. ನೀರಿನ ಹರಿವನ್ನು ಸ್ವಲ್ಪ ಹೆಚ್ಚಿಸಿದರೆ ಪೊರೆ ಹೋಗಿ ಪಾಲಿಪ್‌ಗಳು ಕೆಲವು ದಿನಗಳಲ್ಲಿ ಮರಳಿ ಅರಳುತ್ತವೆ. ಆ ಅವಧಿಯಲ್ಲಿ ಗಾಬರಿಗೊಂಡು ಔಷಧ ಸುರಿಯುವುದೇ ಹಾನಿಕರ.

ಮೃದು ಹವಳದ ಜೊತೆಯಲ್ಲಿ ಮಾರಾಟವಾಗುವ ಗುಂಡಿಯಾಕಾರದ ಜೋಯಾಂಥಿಡ್‌ಗಳ ಬಗ್ಗೆ ಮಾತ್ರ ನಿಜವಾದ ಭಯ ಅಗತ್ಯ. ಇವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಅವು ಅಂಟಿಕೊಂಡ ಕಲ್ಲನ್ನು ಸ್ವಚ್ಛಗೊಳಿಸಲೆಂದು ಕುದಿಸಿದಾಗ ಆವಿಯನ್ನು ಉಸಿರಾಡಿ ಇಡೀ ಕುಟುಂಬವೇ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಕಲ್ಲನ್ನು ಎಂದಿಗೂ ಕುದಿಸಬಾರದು, ಬಿಸಿನೀರು ಹಾಕಿ ಉಜ್ಜಬಾರದು. ತೊಟ್ಟಿಯಲ್ಲಿ ಕೈ ಹಾಕುವಾಗ ರಬ್ಬರ್ ಕೈಗವಸು, ಹವಳವನ್ನು ಕತ್ತರಿಸುವಾಗ ಕನ್ನಡಕ ಧರಿಸಬೇಕು, ಮಕ್ಕಳನ್ನು ದೂರವಿಡಬೇಕು. ಬೇಡವಾದ ಹವಳವನ್ನಾಗಲಿ ಮೀನನ್ನಾಗಲಿ ಸಮುದ್ರಕ್ಕೆ ಬಿಡಬಾರದು, ಏಕೆಂದರೆ ಪರದೇಶದ ಜೀವಿಯೂ ಅದರೊಂದಿಗಿನ ರೋಗಾಣುವೂ ತೀರದಲ್ಲಿ ನೆಲೆಯೂರಬಹುದು. ಬದಲಿಸಿದ ಹಳೆಯ ನೀರನ್ನು ಮನೆಯ ಒಳಚರಂಡಿಗೆ ಚೆಲ್ಲಬೇಕು. ಅದು ಉಪ್ಪುನೀರಾದ್ದರಿಂದ ಕುಂಡದ ಗಿಡಗಳಿಗೆ ಆಗದು.