ಒಂದು ಹೆಬ್ಬಾವಿಗೆ 23 ಬೇಟೆಗಾರರು

2013ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯ ಬರ್ಮಾ ಹೆಬ್ಬಾವು ಹಿಡಿಯುವ ಸ್ಪರ್ಧೆಯನ್ನು ಮೊದಲ ಬಾರಿಗೆ ಏರ್ಪಡಿಸಿತು. ಹೆಸರು ಕೊಟ್ಟವರು ಸುಮಾರು 1,600 ಮಂದಿ. ಒಂದು ತಿಂಗಳು ಜೌಗು ತಡಕಾಡಿ ಹಿಡಿದದ್ದು 68 ಹಾವು; ಒಂದು ಹಾವಿಗೆ 23 ಜನ. 2025ರ ಸ್ಪರ್ಧೆ ಹತ್ತೇ ದಿನದ್ದು. 934 ಜನ ಸೇರಿ 294 ಹಾವು ಹಿಡಿದರು. ಅದು ದಾಖಲೆ. ಆಗಲೂ ಒಂದಕ್ಕೆ ಮೂವರು ಬೇಕಾದರು.

ಹುಡುಕುವವರ ಶ್ರಮ ಸಾಲದೆಂದಲ್ಲ. ದಕ್ಷಿಣ ಫ್ಲಾರಿಡಾದ ಜೌಗು ನಾಡಾದ ಎವರ್‌ಗ್ಲೇಡ್ಸ್‌ನ ಹುಲ್ಲು ಮುಚ್ಚಿದ ನೀರಿನಲ್ಲಿ ಈ ಹಾವು ಕಣ್ಣಿಗೆ ಬೀಳುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. 2000ದಿಂದ ಈಚೆಗೆ 23,000ಕ್ಕೂ ಹೆಚ್ಚು ಹೆಬ್ಬಾವುಗಳನ್ನು ಹಿಡಿದು ತೆಗೆದಿದ್ದಾರೆ. ಆದರೂ ಸಂತತಿ ಕರಗಿಲ್ಲ. 2022ರಲ್ಲಿ ಸಂಶೋಧಕರು ತೋರಿಸಿದ ಒಂದೇ ಹೆಣ್ಣು ಹಾವು 97 ಕೆ.ಜಿ. ತೂಗಿತ್ತು. ಅದರ ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮೊಟ್ಟೆಗಳು 122, ಜೊತೆಗೆ ತಿಂದ ಜಿಂಕೆಯ ಗೊರಸು.

ಇವು ಬಂದದ್ದು ಹವ್ಯಾಸದ ಮಾರುಕಟ್ಟೆಯಿಂದ. 1996ರಿಂದ 2006ರವರೆಗೆ ಅಮೆರಿಕಕ್ಕೆ ಬಂದಿಳಿದ ಬರ್ಮಾ ಹೆಬ್ಬಾವುಗಳು 90,000ಕ್ಕೂ ಹೆಚ್ಚು. ತೋಳುದ್ದವೂ ಇಲ್ಲದ ಮರಿ ಕೆಲವೇ ವರ್ಷಗಳಲ್ಲಿ ಹತ್ತು ಅಡಿ ದಾಟುತ್ತದೆ. ಸಾಕಲಾರದವರು ಕೆಲವರು ಬಿಟ್ಟುಬಂದರು. 1992ರ ಆಂಡ್ರೂ ಚಂಡಮಾರುತಕ್ಕೆ ಒಂದು ಸಂತಾನೋತ್ಪತ್ತಿ ಕೇಂದ್ರವೇ ನೆಲಸಮವಾಯಿತು. ತಪ್ಪನ್ನೆಲ್ಲ ಗಾಳಿಯ ಮೇಲೆ ಹಾಕುವಂತಿಲ್ಲ, ಅದಕ್ಕೂ ಮೊದಲೇ ಅಲ್ಲಿ ಹೆಬ್ಬಾವು ಕಂಡಿದ್ದುಂಟು. ಹಾವು ಬೇರೂರಿದೆ ಎಂದು 2000ದಲ್ಲೇ ಒಪ್ಪಿಕೊಂಡ ದೇಶ ಆಮದು ನಿಲ್ಲಿಸಿದ್ದು 2012ರಲ್ಲಿ.

ಆ 12 ವರ್ಷಗಳ ತಡ ನನಗೆ ಅತ್ಯಂತ ನೋವಿನ ಅಂಕಿ. 2012ರಲ್ಲೇ ಪ್ರಕಟವಾದ ಅಧ್ಯಯನವೊಂದು ಹೆಬ್ಬಾವು ಹಬ್ಬಿದ ಎವರ್‌ಗ್ಲೇಡ್ಸ್‌ನಲ್ಲಿ ರಾತ್ರಿ ರಸ್ತೆಯಲ್ಲಿ ಕಾಣುವ ಪ್ರಾಣಿಗಳನ್ನು 1990ರ ದಶಕದ ಎಣಿಕೆಯ ಜೊತೆ ಹೋಲಿಸಿತು. ರಕೂನ್ ಕಾಣುವುದು ಶೇ 99.3 ಇಳಿದಿತ್ತು, ಒಪೊಸಮ್ ಶೇ 98.9, ಬಾಬ್‌ಕ್ಯಾಟ್ ಶೇ 87.5. ಮೊಲದ ಸುಳಿವೇ ಇರಲಿಲ್ಲ.

ಈಗ ಖರ್ಚು. ದಕ್ಷಿಣ ಫ್ಲಾರಿಡಾದ ಜಲ ನಿರ್ವಹಣಾ ಮಂಡಳಿ 2017ರಿಂದ ಕೂಲಿ ಕೊಟ್ಟು ಹಾವು ಹಿಡಿಸುತ್ತಿದೆ. ಗಂಟೆಗೆ 13ರಿಂದ 18 ಡಾಲರ್. ಹಾವು ಸಿಕ್ಕರೆ ಮೊದಲ ನಾಲ್ಕು ಅಡಿಗೆ 50, ಮುಂದಿನ ಪ್ರತಿ ಅಡಿಗೆ 25. ಹತ್ತಡಿಯದಕ್ಕೆ 200 ಡಾಲರ್ ಆಯಿತು. ಬರಿಗೈಯಲ್ಲಿ ಮರಳಿದ ರಾತ್ರಿಗೂ ಗಂಟೆಯ ಕೂಲಿ ಸಲ್ಲಬೇಕು. 2017ರಲ್ಲೇ ಹಾವು ಹಿಡಿಯುವುದರಲ್ಲಿ ಪಳಗಿದ ತಮಿಳುನಾಡಿನ ಇರುಳ ಬುಡಕಟ್ಟಿನ ಇಬ್ಬರನ್ನು, ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು ಅಲ್ಲಿಗೆ ಕರೆಸಿದರು. ದುಭಾಷಿಗಳೂ ಸೇರಿ ಯೋಜನೆಯ ವೆಚ್ಚ 68,888 ಡಾಲರ್. ಎರಡು ವಾರ ತುಂಬುವ ಮೊದಲೇ ಅವರು 13 ಹಾವು ಹಿಡಿದರು, ಅದರಲ್ಲಿ ಒಂದು 16 ಅಡಿಯದು. ಹಿಂದಿನ ವರ್ಷದ ಸ್ಪರ್ಧೆಯಲ್ಲಿ ಸಾವಿರ ಜನ ಒಂದು ತಿಂಗಳಲ್ಲಿ ಹಿಡಿದದ್ದು 106. ಹರಿದ ಜಾಡು, ಹಿಕ್ಕೆ, ಪೊರೆ ನೋಡಿ ಹಾವನ್ನು ಹುಡುಕುವ ಆ ವಿದ್ಯೆಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಸಾಕುವವರ ವಾದದಲ್ಲೂ ಹುರುಳಿದೆ. ಹಿಮ ಸುರಿಯುವ ಮಿಷಿಗನ್‌ನಲ್ಲಿ ಹೆಬ್ಬಾವು ಹೊರಗೆ ಬದುಕದು. ಅಲ್ಲಿಯವರಿಗೆ ಫ್ಲಾರಿಡಾಕ್ಕಾಗಿ ತಂದ ನಿರ್ಬಂಧ ಏಕೆ ಎಂದು ಅವರು ಕೇಳುತ್ತಾರೆ. 2010ರ ಜನವರಿಯ ಚಳಿಗೆ ಎವರ್‌ಗ್ಲೇಡ್ಸ್‌ನಲ್ಲೇ ರೇಡಿಯೊ ಕಟ್ಟಿದ್ದ 10 ಹಾವುಗಳಲ್ಲಿ 9 ಸತ್ತವು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದರ ಮೇಲಿನ ತಡೆಯನ್ನು ತೆಗೆದುಹಾಕಿತು. ಫ್ಲಾರಿಡಾ ಮಾತ್ರ 2021ರಲ್ಲಿ 16 ಸರೀಸೃಪಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಸಾಕಲಾಗದವರು ದಂಡವಿಲ್ಲದೆ ತಂದೊಪ್ಪಿಸುವ ವ್ಯವಸ್ಥೆಯನ್ನೂ ಇಟ್ಟಿದೆ, ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಈ ಲೆಕ್ಕ ನಮಗೂ ಸಂಬಂಧಿಸಿದ್ದೇ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದವನೊಬ್ಬನ ಬ್ಯಾಗಿನಲ್ಲಿ ಕಸ್ಟಮ್ಸ್‌ನವರಿಗೆ 10 ಹಳದಿ ಅನಕೊಂಡ ಸಿಕ್ಕವು. ಅಮೆರಿಕ 2012ರಲ್ಲಿ ಆಮದು ನಿಷೇಧಿಸಿದ ನಾಲ್ಕು ಜಾತಿಗಳಲ್ಲಿ ಇದೂ ಒಂದು. ಇಂಥ ಹಾವು ಸಾಕುವವರು ನೋಂದಣಿ ಮಾಡಿಸಬೇಕೆಂದು 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಹೇಳುತ್ತದೆ. ಅದನ್ನು ಬಿಗಿಯಾಗಿ ಜಾರಿಗೆ ತರಲೇಬೇಕು. ಮಿಷಿಗನ್‌ನವರು ನಂಬಿಕೊಂಡಿರುವ ಹಿಮ ನಮ್ಮ ಮಲೆನಾಡಿನ ಹೊಳೆಗಳ ಮೇಲೆ ಬೀಳುವುದಿಲ್ಲ.