ಕಂಪನಿಯ ಲೆಕ್ಕದಲ್ಲಿರುವ ಅಪರೂಪದ ಕಾರನ್ನು ಮಾರುವ ಮುನ್ನ

2025ರ ಆಯುಧಪೂಜೆ ಕಳೆದು ಕೆಲವು ದಿನಗಳಾಗಿದ್ದವು. ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ನನ್ನ ಹಳೆಯ ಕಕ್ಷಿದಾರರೊಬ್ಬರು ಕಚೇರಿಗೆ ಬಂದು, "ಆಡಿಟರೇ, ಎಸ್ಟೇಟ್ ಕಾರನ್ನು ಮಾರಿಬಿಡೋಣ ಎಂದಿದ್ದೇನೆ" ಎಂದರು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಆರ್ಟಿಕಲ್ ವಿದ್ಯಾರ್ಥಿ, ಇವರಿಗೆ ಸಕಲೇಶಪುರದ ಕಡೆ ಕಾಫಿ ತೋಟವೂ ಇದೆಯೆಂದು ತಿಳಿದು, ಆ ತೋಟದ ಲೆಕ್ಕಪತ್ರ ನಮ್ಮಲ್ಲಿಗೆ ಏಕೆ ಬಂದಿಲ್ಲವೆಂದು ಆಮೇಲೆ ನನ್ನನ್ನು ಕೇಳಿದ. ಕನ್ನಡ ನಾಡಿನಲ್ಲಿ ಎಸ್ಟೇಟ್ ಎಂದರೆ ಒಂದೋ ಕಾಫಿಯದು, ಇಲ್ಲವೇ ಕೈಗಾರಿಕೆಯದು. ಹಿಂಭಾಗದ ಛಾವಣಿಯನ್ನು ಕೊನೆಯವರೆಗೂ ಎಳೆದು, ಸಾಮಾನು ಇಡುವ ಜಾಗವನ್ನು ಕಾರಿನ ಒಳಾಂಗಣಕ್ಕೇ ಸೇರಿಸಿದ ವಾಹನಕ್ಕೆ ಆ ಹೆಸರಿದೆ ಎಂಬುದು ಇಲ್ಲಿ ಅನೇಕರಿಗೆ ತಿಳಿಯದು.

ಅದಕ್ಕೆ ಕಾರಣವೂ ಇದೆ. 1992ರಲ್ಲಿ ಟಾಟಾ ಸಂಸ್ಥೆ 'ಎಸ್ಟೇಟ್' ಎಂಬ ಹೆಸರಿನಲ್ಲಿಯೇ ಒಂದು ಕಾರನ್ನು ತಂದಿತ್ತು. ಬಳಿಕ ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ ಮುಂತಾದವು ಬಂದವು, ಹೋದವು. ಡಿಕ್ಕಿ ಬೇರೆಯಾಗಿ ಕಾಣದ ಕಾರನ್ನು ನಮ್ಮ ಗ್ರಾಹಕರು ಪ್ರತಿಷ್ಠೆಯ ವಾಹನವೆಂದು ಒಪ್ಪಲಿಲ್ಲ. ಆದರೆ ನಮ್ಮ ಕಕ್ಷಿದಾರರ ಬಳಿಯಿದ್ದುದು ಬೇರೆಯೇ ಜಾತಿಯದು: ಆಡಿ ಆರ್‌ಎಸ್ 6 ಅವಾಂಟ್. ಪೋರ್ಷೆಯ ಸಹಯೋಗದಲ್ಲಿ 1994ರಲ್ಲಿ ಬಂದ ಆರ್‌ಎಸ್ 2 ಅವಾಂಟ್ ಎಂಬ ಕಾರಿನಿಂದ ಹೊರಟ ವಂಶವಿದು. ಭಾರತಕ್ಕೆ 2015ರ ಜೂನ್‌ನಲ್ಲಿ ಬಂದಾಗ ಷೋರೂಮ್ ಬೆಲೆಯೇ 1 ಕೋಟಿ 35 ಲಕ್ಷ ರೂಪಾಯಿ. 4 ಲೀಟರಿನ ಎಂಟು ಸಿಲಿಂಡರ್ ಟರ್ಬೊ ಎಂಜಿನ್, 560 ಅಶ್ವಶಕ್ತಿ, ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.9 ಸೆಕೆಂಡು; ಜೊತೆಗೆ 565 ಲೀಟರಿನ ಡಿಕ್ಕಿ. ವಾರದ ದಿನ ಕಾರ್ಖಾನೆಯ ಮಾದರಿ ಭಾಗಗಳ ಪೆಟ್ಟಿಗೆ, ಭಾನುವಾರ ಹಾಸನದ ರಸ್ತೆ. ಹತ್ತು ವರ್ಷ ಅವರು ಅದನ್ನು ಹೀಗೆಯೇ ಬಳಸಿದರು. ಲೆಕ್ಕಪರಿಶೋಧಕನಾಗಿ ಆ ಖರೀದಿಯನ್ನು ನಾನು ಅಂದು ಮೆಚ್ಚಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಮಾರಾಟಕ್ಕೆ ಕಾರಣ ಕಾರಿನ ಮೇಲಿನ ಬೇಸರವಲ್ಲ. ಹೊಸ ಆದೇಶವೊಂದಕ್ಕಾಗಿ ವಿ.ಎಂ.ಸಿ. ಯಂತ್ರವನ್ನು ಕೊಳ್ಳಬೇಕಿತ್ತು, ಬ್ಯಾಂಕು ಯಂತ್ರದ ಬೆಲೆಯ ಶೇ. 25ನ್ನು ಸ್ವಂತ ಬಂಡವಾಳವಾಗಿ ತೊಡಗಿಸಬೇಕೆಂದಿತ್ತು. ಕಾರು ಮಾರದಿದ್ದರೆ ಆದೇಶ ಕೈತಪ್ಪುವ ಸ್ಥಿತಿ.

ಮೊದಲು ಬೆಲೆಯ ಮಾತು. ಸಾಮಾನ್ಯ ಕಾರಾದರೆ ಅದೇ ವರ್ಷದ ಅದೇ ಮಾದರಿಯ ಇನ್ನೂ ಹತ್ತು ಕಾರುಗಳ ಬೆಲೆ ಕೇಳಿ ನಿರ್ಧರಿಸಬಹುದು. ಇಂತಹ ಕಾರಿಗೆ ಹೋಲಿಕೆಯೇ ಇಲ್ಲ. ಕೊಳ್ಳುವವರು ಬೆರಳೆಣಿಕೆಯವರು, ಆದರೆ ಅವರು ಹುಡುಕುತ್ತಲೇ ಇರುತ್ತಾರೆ. ಹಳೆಯ ಕಾರುಗಳ ವ್ಯಾಪಾರಿಯೊಬ್ಬರು 52 ಲಕ್ಷ ಎಂದರು. ಅದು ಮೋಸದ ಬೆಲೆಯಲ್ಲ. ಎಷ್ಟು ತಿಂಗಳು ಅಂಗಳದಲ್ಲಿ ನಿಲ್ಲುವುದೋ ತಿಳಿಯದ ವಾಹನದಲ್ಲಿ ಅವರು ತಮ್ಮ ಬಂಡವಾಳವನ್ನು ಕಟ್ಟಿಹಾಕಬೇಕು. ಅವಸರಕ್ಕೆ ಬೀಳದೆ ಎರಡು ತಿಂಗಳು ಕಾಯಲು ಸಾಧ್ಯವಿದ್ದರೆ ನೇರ ಖರೀದಿದಾರನನ್ನೇ ಹುಡುಕುವುದು ಲೇಸೆಂದು ನಾನು ಸಲಹೆ ಕೊಟ್ಟೆ. ಹೈದರಾಬಾದಿನ ಒಬ್ಬರು ಆಸಕ್ತಿ ತೋರಿದರಾದರೂ ತಮ್ಮ ರಾಜ್ಯದಲ್ಲಿ ಮತ್ತೆ ತೆರಿಗೆ ಕಟ್ಟಬೇಕೆಂಬ ಲೆಕ್ಕ ಹಾಕಿ ಹಿಂದೆ ಸರಿದರು. 20 ಲಕ್ಷ ಮೀರಿದ ಕಾರಿಗೆ ಶೇ. 18ರ ಆಜೀವ ತೆರಿಗೆಯನ್ನು ಕರ್ನಾಟಕದಲ್ಲಿ ಈಗಾಗಲೇ ತೆತ್ತಿರುವ ವಾಹನಕ್ಕೆ ರಾಜ್ಯದೊಳಗಿನ ಖರೀದಿದಾರನೇ ಹೆಚ್ಚು ಬೆಲೆ ಕೊಡಬಲ್ಲನು. ಕಡೆಗೆ ಬಂದವರು ಮಂಗಳೂರಿನ ವೈದ್ಯರೊಬ್ಬರು.

ಅವರು ಪರಿಚಿತ ಮೆಕ್ಯಾನಿಕ್ಕನ್ನೂ ಜೊತೆಗೆ ಕರೆತಂದಿದ್ದರು. ಆತ ಕಾರಿನ ಹೊಳಪಿನ ಕಡೆ ನೋಡಲೇ ಇಲ್ಲ. ಈ ಎಂಜಿನ್‌ನಲ್ಲಿ ಟರ್ಬೊಗಳಿಗೆ ಎಣ್ಣೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಜಾಲರಿಯಿದೆಯಂತೆ. ಅದು ಕಟ್ಟಿಕೊಂಡರೆ ಟರ್ಬೊಗಳೇ ಹಾಳು. ಅದನ್ನು ಬದಲಾಯಿಸಿದ ಬಿಲ್ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಷಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿದೆಯೇ, ಟೈರುಗಳು ಯಾವ ವಾರ, ಯಾವ ವರ್ಷ ತಯಾರಾದವು, ಇವು ಮುಂದಿನವು. ನಮ್ಮ ಕಕ್ಷಿದಾರರು ಯಂತ್ರಶಾಲೆಯ ಮನುಷ್ಯ. ಎಣ್ಣೆ ಬದಲಾಯಿಸಿದ ಪ್ರತಿಯೊಂದು ಬಿಲ್ಲನ್ನೂ ದಿನಾಂಕವಾರು ಫೈಲು ಮಾಡಿಟ್ಟಿದ್ದರು. ಹಿಂದಿನ ಬಂಪರಿಗೆ ಒಮ್ಮೆ ಬಣ್ಣ ಹಾಕಿಸಿದ್ದುದನ್ನು ಕೇಳುವ ಮೊದಲೇ ತಾವಾಗಿ ಹೇಳಿದರು. ಆ ಫೈಲು ಹಾಗೂ ಆ ಒಂದು ಮಾತು, ವ್ಯಾಪಾರಿಯ ಬೆಲೆಗೂ ನೇರ ಮಾರಾಟದ ಬೆಲೆಗೂ ನಡುವಣ ಅಂತರದ ದೊಡ್ಡ ಪಾಲನ್ನು ಗಳಿಸಿಕೊಟ್ಟವೆಂದೇ ನನ್ನ ಅಂದಾಜು. ಒಂದು ಕೊರತೆ ಮಾತ್ರ ಉಳಿಯಿತು. ಎರಡನೆಯ ಕೀಲಿಕೈ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಎಪ್ಪತ್ತೂವರೆ ಲಕ್ಷಕ್ಕೆ ಬಂದಿದ್ದ ಮಾತು ಆ ಕಾರಣಕ್ಕೆ 70 ಲಕ್ಷಕ್ಕೆ ನಿಂತಿತು.

ಇನ್ನು ನನ್ನ ಪಾಲಿನ ಕೆಲಸ. ಸದಸ್ಯ ಮಿತ್ರರು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ. ನಮ್ಮಲ್ಲಿ ಬಹುಪಾಲು ಕಾರುಗಳು ಸಂಸ್ಥೆಯ ಹೆಸರಿನಲ್ಲಿಯೇ ಇರುವುದರಿಂದ, ಕಾರು ಎಂಟು ಲಕ್ಷದ್ದಾಗಿದ್ದರೂ ಲೆಕ್ಕದ ದಾರಿ ಇದೇ.

ಕಂಪನಿಯ ಅಕೌಂಟೆಂಟ್ ತಯಾರಿಸಿದ್ದ ಮೊದಲ ಬಿಲ್ಲಿನಲ್ಲಿ 70 ಲಕ್ಷದ ಮೇಲೆ ಶೇ. 40ರ ಜಿಎಸ್‌ಟಿ, ಅಂದರೆ 28 ಲಕ್ಷ ರೂಪಾಯಿ ಇತ್ತು! 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ. 40ರ ದರ ಬಂದಿರುವುದನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. ಅದು ಹೊಸ ಕಾರಿನ ದರ. ಬಳಸಿದ ಕಾರಿಗೆ 2018ರ ಜನವರಿ 25ರ 8/2018ನೆಯ ಅಧಿಸೂಚನೆಯಂತೆ ತೆರಿಗೆಯಿರುವುದು ಪೂರ್ಣ ಬೆಲೆಯ ಮೇಲಲ್ಲ, ಲಾಭಾಂಶದ ಮೇಲೆ ಮಾತ್ರ. ದೊಡ್ಡ ಕಾರುಗಳಿಗೆ ಮೊದಲಿನಿಂದಲೂ ಶೇ. 18, ಸಣ್ಣ ಕಾರುಗಳಿಗಿದ್ದ ಶೇ. 12ನ್ನು 2025ರ ಜನವರಿಯಿಂದ ಶೇ. 18ಕ್ಕೆ ಏರಿಸಿ ಎಲ್ಲವನ್ನೂ ಸಮ ಮಾಡಲಾಗಿದೆ. ಒಂದೇ ಷರತ್ತು: ಆ ಕಾರನ್ನು ಕೊಂಡಾಗ ಹೂಡುವಳಿ ತೆರಿಗೆ ಜಮೆಯನ್ನಾಗಲಿ, ಹಿಂದಿನ ವ್ಯಾಟ್ ಅಥವಾ ಸೆನ್‌ವ್ಯಾಟ್ ಜಮೆಯನ್ನಾಗಲಿ ಪಡೆದಿರಬಾರದು. ಆದ್ದರಿಂದ ಮೊದಲು 2015ರ ಖರೀದಿ ಬಿಲ್ಲನ್ನೂ ಆ ವರ್ಷದ ರಿಟರ್ನುಗಳನ್ನೂ ತೆಗೆದು ಖಚಿತಪಡಿಸಿಕೊಂಡೆವು.

ಲಾಭಾಂಶವೆಂದರೆ ಯಾವುದು? ಇಲ್ಲಿಯೇ ಎರಡನೆಯ ತಪ್ಪು ನಡೆಯುತ್ತದೆ. ಆದಾಯ ತೆರಿಗೆಯಲ್ಲಿ ಸವಕಳಿ ಪಡೆದ ಕಾರಾದರೆ, ಮಾರಾಟ ಬೆಲೆಯಿಂದ ಕಳೆಯಬೇಕಾದುದು 1961ರ ಆದಾಯ ತೆರಿಗೆ ಕಾಯ್ದೆಯ 32ನೆಯ ಕಲಮಿನ ಪ್ರಕಾರ ಉಳಿದ ಮೌಲ್ಯವನ್ನು. ಆದರೆ ಬ್ಯಾಲೆನ್ಸ್ ಷೀಟಿನಲ್ಲಿ ಕಾಣುವುದು ಕಂಪನಿ ಕಾಯ್ದೆಯ ಮೌಲ್ಯ. ಆ ಕಾಯ್ದೆಯಲ್ಲಿ ಕಾರಿನ ಆಯುಷ್ಯ 8 ವರ್ಷ. ಎಲ್ಲ ವೆಚ್ಚ ಸೇರಿ 1 ಕೋಟಿ 60 ಲಕ್ಷ ರೂಪಾಯಿಗೆ ಲೆಕ್ಕಕ್ಕೇರಿದ್ದ ನಮ್ಮ ಕಾರು ಅಲ್ಲಿ ಶೇ. 5ರ ಉಳಿಕೆ ಮೌಲ್ಯವಾದ 8 ಲಕ್ಷಕ್ಕೆ ಇಳಿದಿತ್ತು. ಆದಾಯ ತೆರಿಗೆಯಲ್ಲಿ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಶೇ. 15ರಂತೆ ಹತ್ತು ವರ್ಷ ಕಳೆದರೂ ಇನ್ನೂ 31 ಲಕ್ಷ 50 ಸಾವಿರ ಉಳಿದಿತ್ತು. ಮೊದಲಿನದನ್ನು ಹಿಡಿದರೆ 62 ಲಕ್ಷದ ಮೇಲೆ ತೆರಿಗೆ 11 ಲಕ್ಷ 16 ಸಾವಿರ. ಸರಿಯಾದುದನ್ನು ಹಿಡಿದರೆ ಮೂವತ್ತೆಂಟೂವರೆ ಲಕ್ಷದ ಮೇಲೆ 6 ಲಕ್ಷ 93 ಸಾವಿರ. ವ್ಯತ್ಯಾಸ 4 ಲಕ್ಷ 23 ಸಾವಿರ ರೂಪಾಯಿ. ಯಂತ್ರಗಳೂ ಕಾರೂ ಒಂದೇ ಶೇ. 15ರ ಗುಂಪಿನಲ್ಲಿ ಸೇರಿಹೋಗಿರುವುದರಿಂದ ಕಾರೊಂದರದೇ ಉಳಿದ ಮೌಲ್ಯ ಯಾವ ಪಟ್ಟಿಯಲ್ಲಿಯೂ ಸಿದ್ಧವಾಗಿ ಸಿಗದು. ಖರೀದಿಯ ವರ್ಷದಿಂದ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಆ ಹಾಳೆಯನ್ನು ಬಿಲ್ಲಿನೊಡನೆ ಇಟ್ಟುಕೊಳ್ಳತಕ್ಕದ್ದು.

ತೆರಿಗೆ ಬೆಲೆಯ ಒಳಗೋ ಹೊರಗೋ ಎಂಬುದನ್ನು ಮಾತುಕತೆಯ ದಿನವೇ ತೀರ್ಮಾನಿಸಿಕೊಳ್ಳಬೇಕು. ಖಾಸಗಿ ಖರೀದಿದಾರನಿಗೆ ಜಿಎಸ್‌ಟಿಯ ಜಮೆ ಸಿಗುವುದಿಲ್ಲ. ಅವನ ಮಟ್ಟಿಗೆ ಅದು ಬರಿಯ ಖರ್ಚು. 70 ಲಕ್ಷ ಎಲ್ಲ ಸೇರಿ ಎಂದಾಗಿದ್ದರೆ ನಮ್ಮ ಕಕ್ಷಿದಾರರ ಕೈಗೆ ಸುಮಾರು 64 ಲಕ್ಷ 13 ಸಾವಿರ ಮಾತ್ರ ಉಳಿಯುತ್ತಿತ್ತು. ವೈದ್ಯರು ಸಜ್ಜನರು, ತೆರಿಗೆ ಬೇರೆ ಎಂದು ಮೊದಲೇ ಒಪ್ಪಿದ್ದರು. ಕಾರು ಮಾಲೀಕರ ಸ್ವಂತ ಹೆಸರಿನಲ್ಲಿದ್ದು, ವ್ಯಾಪಾರದ ಲೆಕ್ಕಕ್ಕೆ ಬಾರದೇ ಇದ್ದಿದ್ದರೆ ಈ ತೆರಿಗೆಯೂ ಇರುತ್ತಿರಲಿಲ್ಲ, ಬಂಡವಾಳ ಲಾಭದ ಪ್ರಶ್ನೆಯೂ ಏಳುತ್ತಿರಲಿಲ್ಲ. ಆದರೆ ಹತ್ತು ವರ್ಷ ಸವಕಳಿಯ ಅನುಕೂಲವನ್ನು ಅನುಭವಿಸಿದ ಮೇಲೆ ಹಾಗೆ ಹಂಬಲಿಸುವುದು ಸಲ್ಲದು.

ಆದಾಯ ತೆರಿಗೆಯಲ್ಲಿ 70 ಲಕ್ಷವನ್ನು ಶೇ. 15ರ ಗುಂಪಿನ ಒಟ್ಟು ಮೌಲ್ಯದಿಂದ ಕಳೆದರಾಯಿತು. ಈ ಕಂಪನಿಯಲ್ಲಿ ಯಂತ್ರಗಳು ಸಾಕಷ್ಟು ಇದ್ದುದರಿಂದ ಗುಂಪು ಬರಿದಾಗಲಿಲ್ಲ, ಆ ವರ್ಷ ತೆರಿಗೆಯೂ ಬೀಳಲಿಲ್ಲ. ಅಂಗಡಿಯ ಲೆಕ್ಕದಲ್ಲಿ ಆ ಗುಂಪಿನಲ್ಲಿ ಕಾರೊಂದೇ ಇರುವ ವರ್ತಕರ ಪಾಡು ಬೇರೆ. ಉಳಿದ ಮೌಲ್ಯಕ್ಕಿಂತ ಹೆಚ್ಚಾಗಿ ಬಂದುದೆಲ್ಲ 50ನೆಯ ಕಲಮಿನಡಿ ಅಲ್ಪಾವಧಿ ಬಂಡವಾಳ ಲಾಭವಾಗುತ್ತದೆ. ಅಂಥವರು ಅದೇ ಗುಂಪಿನ ಬೇರೊಂದು ಸ್ವತ್ತನ್ನು ಅದೇ ವರ್ಷ ಕೊಂಡರೆ ಹೊರೆ ಇಳಿಯುತ್ತದೆ. 2025ರ ಹೊಸ ಕಾಯ್ದೆ ಜಾರಿಗೆ ನಿಗದಿಯಾದ ದಿನ 2026ರ ಏಪ್ರಿಲ್ 1. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಗುಂಪಿನ ತತ್ತ್ವ ಬದಲಾಗಿಲ್ಲ. ಇನ್ನು ಲಾಭನಷ್ಟ ಪಟ್ಟಿಯಲ್ಲಿ ಕಾಣುವ 62 ಲಕ್ಷದ ಲಾಭದ ಮೇಲೆ ಮ್ಯಾಟ್ ಬೀಳುವುದೇ ಎಂಬ ಭಯವಿತ್ತು. ಕಂಪನಿ ಶೇ. 22ರ ದರವನ್ನು ಆಯ್ದುಕೊಂಡಿದ್ದುದರಿಂದ ಆ ಬಾಧೆ ತಪ್ಪಿತು.

ಇದೆಲ್ಲದರ ನಡುವೆ ಮನೆಯಿಂದಲೇ ಒಂದು ಸೂಚನೆ ಬಂತು. ನಿರ್ದೇಶಕರಲ್ಲಿ ಒಬ್ಬನಾದ ಮಗ, "ಅಪ್ಪಾ, ಪುಸ್ತಕದಲ್ಲಿ ಎಂಟೇ ಲಕ್ಷ ಇದೆಯಲ್ಲ, ಆ ಬೆಲೆಗೆ ನನ್ನ ಹೆಸರಿಗೆ ಮಾಡಿಸಿಬಿಡಿ" ಎಂದನು. ಇಂತಹ ಆಸೆ ಅನೇಕ ಕುಟುಂಬಗಳಲ್ಲಿ ಹುಟ್ಟುವುದುಂಟು. 1962ರ ನಿಯಮಗಳ ಪ್ರಕಾರ, ನೌಕರನಿಗೆ ಕಂಪನಿಯು ಕಾರನ್ನು ಕೊಟ್ಟರೆ ಮೂಲ ವೆಚ್ಚದಿಂದ ಪೂರ್ಣಗೊಂಡ ಪ್ರತಿ ವರ್ಷಕ್ಕೆ ಉಳಿಕೆಯ ಮೇಲೆ ಶೇ. 20 ಕಳೆದು ಬೆಲೆ ಕಟ್ಟಬೇಕು. ಆ ಪ್ರಕಾರ 17 ಲಕ್ಷ 18 ಸಾವಿರವಾಯಿತು. ಸಂಬಳ ಪಡೆಯುವ ನಿರ್ದೇಶಕನಾದ ಮಗನ ಆದಾಯಕ್ಕೆ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಸೌಲಭ್ಯ ಮೌಲ್ಯ ಸೇರುತ್ತಿತ್ತು. ಸಂಬಂಧಿತ ವ್ಯಕ್ತಿಗಳ ವ್ಯವಹಾರವಾದ ಕಾರಣ ಮುಕ್ತ ಮಾರುಕಟ್ಟೆಯ ಬೆಲೆ ಎಷ್ಟೆಂದು ಜಿಎಸ್‌ಟಿ ಅಧಿಕಾರಿಗಳೂ ಕೇಳುವ ಸಂಭವವಿತ್ತು. ಅದಕ್ಕಿಂತ ಮುಖ್ಯವಾಗಿ, ಯಂತ್ರಕ್ಕೆ ಹಣ ಎಲ್ಲಿಂದ ಬರಬೇಕು? ತಂದೆಯವರು ಮಾತು ಬೆಳೆಸಲಿಲ್ಲ.

ವೈದ್ಯರಿಗಿಂತ ಮೊದಲು ಬಂದಿದ್ದ ಮಧ್ಯವರ್ತಿಯೊಬ್ಬರು 20 ಲಕ್ಷವನ್ನು ನಗದಾಗಿ ಕೊಟ್ಟು, ಉಳಿದುದಕ್ಕೆ ಮಾತ್ರ ಬಿಲ್ ಮಾಡಿಸೋಣವೆಂದಿದ್ದರು. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಪಡೆದಷ್ಟೇ ಮೊತ್ತದ ದಂಡ, ಅದೂ ಪಡೆದವನ ಮೇಲೆ. 10 ಲಕ್ಷಕ್ಕೆ ಮೀರಿದ ವಾಹನವನ್ನು ಮಾರುವಾಗ, ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ ಮಾರಾಟಗಾರನು ಶೇ. 1ರ ಟಿಸಿಎಸ್ ವಸೂಲು ಮಾಡಿ ಕಟ್ಟಬೇಕೆಂಬುದನ್ನೂ ಬಹಳ ಮಂದಿ ಮರೆಯುತ್ತಾರೆ. ಕಾರಿನ ವ್ಯಾಪಾರಿಗಳಿಗಷ್ಟೇ ಅನ್ವಯಿಸುತ್ತದೆಂದು ಭಾವಿಸುತ್ತಾರೆ. ವೈದ್ಯರಿಗೆ ಆ ಹಣ ತಮ್ಮ ತೆರಿಗೆಯಲ್ಲಿ ಜಮೆಯಾಗುತ್ತದೆಂದು ವಿವರಿಸಿ, ಅವರ ಪ್ಯಾನ್ ಸಂಖ್ಯೆ ಪಡೆದೆವು.

ಹಣ ಬಂದ ಮಾತ್ರಕ್ಕೆ ಮಾರಾಟ ಮುಗಿಯಲಿಲ್ಲ. ಆರ್‌ಟಿಓ ಕಚೇರಿಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು, ಹೆಸರು ಬದಲಾವಣೆಯನ್ನು ಕೊಂಡವರಿಗೇ ಬಿಡುವ ಪದ್ಧತಿ ನಮ್ಮಲ್ಲಿದೆ. ಇದು ಅಪಾಯಕರ. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ವರದಿ ಮಾಡುವ ಹೊಣೆ ಮಾರಿದವನದು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಹಲವು ಕೈ ಬದಲಾಗಿದ್ದರೂ, ನೋಂದಣಿಯಲ್ಲಿ ಹೆಸರು ಉಳಿದಿದ್ದವನೇ ಅಪಘಾತದ ಪರಿಹಾರಕ್ಕೆ ಬಾಧ್ಯನೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. 560 ಅಶ್ವಶಕ್ತಿಯ ವಾಹನ ಮತ್ತೊಬ್ಬರ ಕೈಯಲ್ಲಿ, ಹೆಸರು ನಿಮ್ಮ ಕಂಪನಿಯದು; ಯೋಚಿಸಿ ನೋಡಿ. ವ್ಯಾಪಾರಿಯ ಮೂಲಕ ಮಾರುವುದಾದರೆ ಅವರು 2023ರಿಂದ ಜಾರಿಯಲ್ಲಿರುವ ನಿಯಮದಂತೆ ಅಧಿಕೃತ ಡೀಲರರೇ ಎಂದು ನೋಡಿ, ನಮೂನೆ 29ಸಿ ಮೂಲಕ ವಾಹನ ಒಪ್ಪಿಸಿದ್ದನ್ನು ದಾಖಲಿಸಿಕೊಳ್ಳಬೇಕು.

ನಮ್ಮ ಕಕ್ಷಿದಾರರು ಆಡಳಿತ ಮಂಡಳಿಯ ನಿರ್ಣಯ, ಬ್ಯಾಂಕಿನ ಹಳೆಯ ಸಾಲ ತೀರಿದ ಪತ್ರ, ನಮೂನೆ 35, ಬಾಕಿ ದಂಡಗಳ ರಸೀದಿ ಇವೆಲ್ಲವನ್ನೂ ಸೇರಿಸಿ, ತಾವೇ ಹೆಸರು ಬದಲಾವಣೆ ಮಾಡಿಸಿದ ನಂತರ ಕಾರನ್ನು ಮಂಗಳೂರಿಗೆ ಕಳುಹಿಸಿದರು. ಫಾಸ್ಟ್ಯಾಗ್ ಮುಚ್ಚಿಸಿದರು. ಅಪಘಾತರಹಿತ ವರ್ಷಗಳಿಗಾಗಿ ಬರುವ ವಿಮಾ ರಿಯಾಯಿತಿ ಕಾರಿನದಲ್ಲ, ಮಾಲೀಕನದು; ಅದನ್ನು ಕಾಯ್ದಿಟ್ಟ ಪತ್ರವನ್ನು ವಿಮಾ ಸಂಸ್ಥೆಯಿಂದ ಪಡೆದು ಫೈಲಿಗೆ ಸೇರಿಸಿದ್ದೇವೆ.

ಯಂತ್ರ ಬಂದು ನಿಂತಿತು. ಅದರ ಪೂಜೆಗೆಂದು ಕಾರ್ಖಾನೆಯ ದೇವರ ಗೂಡನ್ನು ಒರೆಸುತ್ತಿದ್ದಾಗ, ಚಾಮುಂಡೇಶ್ವರಿಯ ಪಟದ ಹಿಂದೆ, ಒಣಗಿದ ಸೇವಂತಿಗೆಯ ನಡುವೆ, ಕುಂಕುಮ ಹಚ್ಚಿದ್ದ ಎರಡನೆಯ ಕೀಲಿಕೈ ಸಿಕ್ಕಿತು. ಆಯುಧಪೂಜೆಯ ದಿನ ಇಟ್ಟವರು ತೆಗೆಯಲು ಮರೆತಿದ್ದರು. ಐವತ್ತು ಸಾವಿರದ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನ ಅದು ಕೊರಿಯರ್‌ನಲ್ಲಿ ಮಂಗಳೂರಿಗೆ ಹೋಯಿತು.