ಜಡಿಮಳೆಯ ಊರಲ್ಲಿ ಕುಂಡದ ಗಿಡ

ಮೂಡಿಗೆರೆಯ ಕಡೆ ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಕೈತೋಟದ ಸಲಹೆಗಳು ಸಾಮಾನ್ಯವಾಗಿ ‘ದಿನಾ ನೀರು ಹಾಕಿ’ ಎಂದೇ ಶುರುವಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಆ ಸಲಹೆಯೇ ಗಿಡಕ್ಕೆ ಕುತ್ತು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯದು, ಎಲೆ ಬಾಡುತ್ತದೆ. ಬಾಡಿತಲ್ಲ ಎಂದು ಇನ್ನೊಂದು ಚೊಂಬು ಸುರಿದರೆ ಅಲ್ಲಿಗೆ ಮುಗಿಯಿತು. ಬಾಡಿದ ಗಿಡ ಕಂಡರೆ ಮೊದಲು ಮಣ್ಣಿಗೆ ಬೆರಳಿಳಿಸಿ ನೋಡಿ. ಒಳಗೆ ಒದ್ದೆಯಿದ್ದರೆ ಗಿಡಕ್ಕೆ ಬೇಕಾಗಿರುವುದು ನೀರಲ್ಲ, ಸೂರು.

ಮಣ್ಣು ಹದಮಾಡುವ ಲೆಕ್ಕ ಕಾಫಿ ನರ್ಸರಿಯಲ್ಲೇ ಇದೆ. ಸಸಿಯ ಕೊಟ್ಟೆ ತುಂಬಲು 6 ಪಾಲು ಕಾಡುಮಣ್ಣು, 2 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಅಂಗಳದ ಕುಂಡಕ್ಕೆ ನಾನು ಮರಳನ್ನು 2 ಪಾಲು ಮಾಡುತ್ತೇನೆ, ಏಕೆಂದರೆ ಕುಂಡದ ಮಣ್ಣು ವರ್ಷಗಟ್ಟಲೆ ಅಲ್ಲೇ ಇದ್ದು ಗಟ್ಟಿಯಾಗುತ್ತದೆ. ತಳಕ್ಕೆ ದಪ್ಪಗೆ ಜಲ್ಲಿ ಹಾಕುವ ರೂಢಿಯಿಂದ ಲಾಭವಿಲ್ಲ. ನೀರು ಜಲ್ಲಿಗೆ ಇಳಿಯುವ ಮೊದಲು ಅದರ ಮೇಲಿನ ಮಣ್ಣಲ್ಲೇ ತಂಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಬೋರಲು ಹಾಕಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ಮಾಡಿನ ನೀರು ಧೋ ಎಂದು ಬೀಳುವ ಸಾಲಿನಲ್ಲಂತೂ ಇಡಲೇಬೇಡಿ.

ಇಷ್ಟು ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿ ನೆಲ ಹುಳಿಯಾಗುತ್ತದೆ. ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಹುಳಿ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಹೀರಿಕೊಂಡು ಹೈಡ್ರಾಂಜಿಯಾ ನೀಲಿ ಹೂ ಬಿಡುತ್ತದೆ. ಅದರ ಬುಡಕ್ಕೆ ಸುಣ್ಣ ಹಾಕುತ್ತ ಬಂದರೆ ಅದೇ ಗಿಡ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯೇ ಚೆಂದ, ಅದನ್ನು ಹಾಗೇ ಬಿಡಿ. ಬದನೆ, ಬೀನ್ಸ್‌ಗೆ ಮಾತ್ರ ಕೃಷಿ ಸುಣ್ಣ ಸ್ವಲ್ಪ ಬೇಕಾಗುತ್ತದೆ. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕು. ಮೂಡಿಗೆರೆಯಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಹೂಗಿಡಗಳ ಎಲೆಚುಕ್ಕೆಗೆ, ಕೊಳೆಗೆ ಮಳೆ ಹಿಡಿಯುವ ಮೊದಲೇ ಶೇ. 1ರ ಬೋರ್ಡೋ ಹೊಡೆದರೆ ಚೆನ್ನ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರಲ್ಲಿ 5 ಲೀಟರ್‌ಗೆ 100 ಗ್ರಾಂ ಸುಟ್ಟ ಸುಣ್ಣ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಬಳಸಿ ಮುಗಿಸಿ.

ಮನೆಯೊಳಗಿನ ಗಿಡಕ್ಕೆ ಮಳೆಗಾಲದಲ್ಲಿ ನೀರಿಗಿಂತ ಬೆಳಕಿನದೇ ಕೊರತೆ. ತಿಂಗಳುಗಟ್ಟಲೆ ಮೋಡ ಕವಿದಾಗ ಕಿಟಕಿಯಿಂದ ನಾಲ್ಕು ಅಡಿ ದೂರವೆಂದರೆ ಗಿಡದ ಪಾಲಿಗೆ ಕತ್ತಲೆಯೇ. ಕಾಂಡ ಸಣಕಲಾಗಿ ಬೆಳಕಿನತ್ತ ವಾಲುತ್ತದೆ. ಹಳೇ ಹೆಂಚಿನ ಮನೆಯಲ್ಲಿ ಒಂದೆರಡು ಗಾಜಿನ ಹೆಂಚು ಇದ್ದರೆ ಅದರ ಕೆಳಗಿನ ಜಾಗವೇ ಒಳ್ಳೆಯದು. ಆಂಥೂರಿಯಂ ಅಲ್ಲಿ ಸೊಗಸಾಗಿ ಬರುತ್ತದೆ. ಅದಕ್ಕೆ ಮಣ್ಣು ಬೇಡ, ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು ಸಾಕು. ಮಳೆ ಬಿಟ್ಟ ಮೇಲೆ ಇಂಥ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಇಡಬೇಡಿ, ಎಲೆ ಸುಡುತ್ತದೆ. ನರ್ಸರಿಯ ಚಪ್ಪರದ ನೆರಳನ್ನು ಹಂತಹಂತವಾಗಿ ತೆಗೆಯುವಂತೆ ಇದನ್ನೂ ಜಗಲಿಯಿಂದ ಅಂಗಳಕ್ಕೆ ನಿಧಾನವಾಗಿ ಸರಿಸಬೇಕು.

ಇನ್ನು ಮರದ ಮೇಲೆ ಬೆಳೆಯುವ ಆರ್ಕಿಡ್, ಸೀತಾಳೆ ದಂಡೆ. ಕಾಡಿನ ಮರದಿಂದ ಕಿತ್ತು ತಂದು ಕುಂಡದ ಮಣ್ಣಲ್ಲಿ ಹೂಳುವವರನ್ನು ಕಂಡರೆ ಸಂಕಟವಾಗುತ್ತದೆ; ಮಣ್ಣಲ್ಲಿ ಅದು ಬದುಕುವುದಿಲ್ಲ. ತೋಟದಲ್ಲಿ ಮರಗಸಿ ಮಾಡುವಾಗ ಕಡಿದ ಕೊಂಬೆಯ ಜೊತೆ ಎಷ್ಟೋ ದಂಡೆಗಳು ನೆಲಕ್ಕೆ ಬೀಳುತ್ತವೆ. ಒಣಗಿ ಹೋಗುವ ಆ ಗಿಡಗಳನ್ನು ಆರಿಸಿ ತನ್ನಿ. ಅಂಗಳದ ಮಾವು ಅಥವಾ ಹಲಸಿನ ಒರಟು ತೊಗಟೆಗೆ, ಬೆಳಗಿನ ಎಳೆಬಿಸಿಲು ಬೀಳುವ ಕಡೆ, ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ. ದಪ್ಪ ಬೇರುಗಳು ಒಣಗಿದ್ದಾಗ ಬೂದಿಬಿಳಿ, ನೀರು ಸೋಕಿದ ಕೂಡಲೇ ಹಸಿರು. ಬೇಸಿಗೆಯಲ್ಲಿ ಅವು ಬೆಳ್ಳಗೆ ಕಂಡಾಗಷ್ಟೇ ನೀರು ಚಿಮುಕಿಸಿದರೆ ಸಾಕು. ಹೊಸ ಬೇರು ತೊಗಟೆಗೆ ಕಚ್ಚಿಕೊಂಡು, ಗಿಡವನ್ನು ಮೆಲ್ಲಗೆ ಅಲುಗಿಸಿದರೂ ಅದು ಬಿಡದಿದ್ದಾಗ ಹಗ್ಗ ಕತ್ತರಿಸಿ.